ಎಡಗೈ

ರೊಕಿಷ್ಕಿಸ್‌ನಲ್ಲಿ ನವೆಂಬರ್. ನಾಲ್ಕಕ್ಕೇ ಕತ್ತಲು.
ಗ್ಯಾರೇಜಿನ ನೆತ್ತಿಗೆ ಅಜ್ಜ ಬಡಿದ ಬಳೆ,
ಯಾವುದೋ ಪೀಪಾಯಿಯದು, ಬಲಕ್ಕೆ ಚೂರು ವಾಲಿದೆ.

ಬಾಗಿಲ ಮೇಲೆ ಜಿವಿಲೆ ಸೀಮೆಸುಣ್ಣದಲ್ಲಿ ಬರೆದಿದ್ದಳು:
‘ರಾಷ್ಟ್ರೀಯ ತಂಡ’.
ಮೂರು ವಾರ ಅದನ್ನು ಓದಿದಳು,
ಓದಿ ಓದಿ ಒಳಗೆ ಹೋಗಿ ಮಲಗಿದಳು.

ಕೋಚ್ ದಾನುತೆ ಕನ್ನಡಕ ಒರೆಸಿ ನೋಡಿದಳು.
ನಗಲಿಲ್ಲ. ಕೈಗವಸಿನಿಂದ ಅಳಿಸಿದಳು.
‘ಆರಿಸುವವರು ಬೇರೆ.
ನಿನ್ನ ಕೈಯಲ್ಲಿರುವುದನ್ನು ಬರಿ.’

ಬಹಳ ಹೊತ್ತು ಸುಣ್ಣ ಹಿಡಿದು ನಿಂತು, ಬರೆದಳು:
ಎಡಗೈ. ದಿನಕ್ಕೆ ಹತ್ತು. ಬಿದ್ದವು ಮಾತ್ರ ಲೆಕ್ಕ.

ಮೊದಲ ದಿನ ಆ ಹತ್ತಕ್ಕೆ ತೊಂಬತ್ತಾರು ಎಸೆತ.
ಚಳಿಗೆ ಚೆಂಡು ಕಲ್ಲು,
ಪಕ್ಕದ ಮನೆಯ ನಾಯಿಗೂ ಬೊಗಳಿ ಸಾಕಾಯಿತು.
ಆಮೇಲೆ ಎಂಬತ್ತು. ಎಪ್ಪತ್ತೆರಡು.
ಒಂದು ಗುರುವಾರ, ಯಾಕೋ, ನೂರಾ ನಾಲ್ಕು.
ಅತ್ತಳು; ಅದನ್ನೂ ಬರೆದಳು.

ಜನವರಿಯ ಹಿಮ ಬಾಗಿಲ ಬರಹವನ್ನೆಲ್ಲ ನೆಕ್ಕಿಹಾಕಿದ ಸಂಜೆ
ಮೂವತ್ತೊಂದು.
ಸೂಪು ಆರುತ್ತಿದೆಯೆಂದು ಅಮ್ಮ ಕೂಗಿದಳು.
‘ಇನ್ನೊಂದೇ’ ಎಂದಳು ಜಿವಿಲೆ.
ಯಾವ ಲೆಕ್ಕಕ್ಕೂ ಸೇರದ ಹನ್ನೊಂದನೆಯದಕ್ಕೆ
ಎಡಗೈ ಆಗಲೇ ಮೇಲೆದ್ದಿತ್ತು.