ಮುಚ್ಚಿ ಕೊರೆದದ್ದು

ಮ್ಯಾನಿಟೊವಾಕ್‌ನಲ್ಲಿ ಜನವರಿ. ಸರೋವರದ ಗಾಳಿಗೆ
ಪಾರ್ಕಿಂಗ್ ಲಾಟಿಗೆ ಎರಚಿದ ಉಪ್ಪೂ ಹೆಪ್ಪುಗಟ್ಟಿದೆ.
ಬಾಡಿಗೆ ಬೂಟುಗಳ ಕಪಾಟು ದಾಟಿದರೆ
ವರ್ನಾ ಕುಬಿಯಾಕಳ ಅಂಗಡಿ: ಒಂದು ಡ್ರಿಲ್ಲು, ಒಂದು ಸ್ಟೂಲು,
ಗೋಡೆಯುದ್ದಕ್ಕೂ ಬೌಲಿಂಗ್ ಚೆಂಡುಗಳು, ಇನ್ನೂ ಕಣ್ಣು ಬಿಡದವು.

ನಾನು ಹಲ್ಲಿನ ಡಾಕ್ಟರು. ಹಗಲೆಲ್ಲ ಕೊರೆಯುತ್ತೇನೆ,
ಮಂಗಳವಾರ ಸಂಜೆ ಇವಳು ಕೊರೆಯುವುದನ್ನು ನೋಡುತ್ತೇನೆ.
ಒಂದೇ ಕಸುಬು ನಮ್ಮದು, ಅನ್ನುತ್ತಾಳೆ ವರ್ನಾ,
ನಿನ್ನ ಗಿರಾಕಿಗಳು ಕಿರುಚುತ್ತಾರೆ, ಅಷ್ಟೇ.

ಮೊದಲು ಅಳತೆ ಅಲ್ಲ. ಮೊದಲು, ಎಸೆ, ಅನ್ನುತ್ತಾಳೆ.
ಚೆಂಡು ಮರಳಿ ಬಂದಾಗ ಮೈಮೇಲೆ ಎಣ್ಣೆಯ ಬಳೆಗಳು,
ಒಂದಕ್ಕೊಂದು ಒತ್ತಿಕೊಂಡು, ಒಂದು ಕಡೆ ಸೇರಿ, ಒಂದು ಕಡೆ ಬಿರಿದು.
ಅವುಗಳಿಂದ ಕೈಯ ಅಕ್ಷ ಹುಡುಕಿ
ಬಿಳಿ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ ಇಡುತ್ತಾಳೆ.
ಲೋಕದಲ್ಲಿ ನಿನ್ನೊಬ್ಬಳದೇ ಚುಕ್ಕೆ ಇದು, ಅಂದಿದ್ದಳು ನನಗೆ,
ನನ್ನ ಹಣೆಯ ಕಡೆ ನೋಡದೆಯೇ.

ಚೆಂಡಿಗೂ ಹುಟ್ಟಿನಿಂದ ಒಂದು ಮಚ್ಚೆ ಇದೆ,
ಒಳಗಿನ ತಿರುಳು ಯಾವ ಕಡೆ ತಲೆ ಹಾಕಿ ಮಲಗಿದೆ ಎಂದು ಹೇಳುವುದು.
ಮಚ್ಚೆಗೂ ಚುಕ್ಕೆಗೂ ಎಷ್ಟು ದೂರ, ಅದೇ ಜಾತಕ.
ಗಿರ್ರನೆ ತಿರುವಿ ಬಿಡುವವರಿಗೆ,
ಎರಡೂ ಕೈ ಹಚ್ಚುವ ಈಗಿನ ಹುಡುಗರಿಗೆ, ಐದಿಂಚಿನಾಚೆ.
ಇಲ್ಲದಿದ್ದರೆ ಅರ್ಧ ದಾರಿಗೇ ಮೈಮೇಲೆ ಬಂದು ಎಡಕ್ಕೆ ಹಾರುತ್ತದೆ.
ನನ್ನಂಥ ಸೋಮಾರಿ ಮಣಿಕಟ್ಟಿಗೆ ಮೂರೂವರೆಯ ಒಳಗೆ:
ಕೈ ಮಾಡದ್ದನ್ನು ತಿರುಳಾದರೂ ಮಾಡಲಿ.
ಬುಗುರಿಯಂತೆ ತಲೆ ಓರೆಯಾಗಿಸಿ ಬಿಡುವವರ ಚೆಂಡೋ,
ಎಣ್ಣೆಯ ಮೇಲೆ ಜಾರುತ್ತಲೇ ಇರುತ್ತದೆ, ಸ್ಟಾಪು ಮರೆತ ಬಸ್ಸು.
ಅವರಿಗೆ ಕೋನ ಕಿರಿದು ಮಾಡು, ಬೇಗ ಎಚ್ಚರವಾಗಲಿ.

ಹೋದ ವಾರ ಆರ್ಲನ್ ಟೆಸ್ಕೆ ಬಂದ, ಹಾಲಿನ ಲಾರಿ ಓಡಿಸುವವನು.
ಚೀಲದಲ್ಲಿ ತಮ್ಮ ಡೆಲ್ಮರನ ಚೆಂಡು. ಹದಿನೈದು ಪೌಂಡು, ನೇರಳೆ.
ಡೆಲ್ಮರ್ ಅಕ್ಟೋಬರಿನಲ್ಲಿ ತೀರಿಕೊಂಡ.
ಇದರಲ್ಲೇ ಆಡ್ತೀನಿ. ತೂತು ಹಾಗೇ ಇರಲಿ, ಅಂದ.
ಹೆಬ್ಬೆರಳು ತೂರಿಸಿ ತೋರಿಸಿದ:
ಒಳಗದು ಗಂಟೆಯ ನಾಲಗೆಯಂತೆ ಆಡುತ್ತಿತ್ತು.

ವರ್ನಾ ಚೆಂಡನ್ನು ಬೆಳಕಿಗೆ ತಿರುಗಿಸಿದಳು.
ಮಚ್ಚೆ ಉಂಗುರಬೆರಳಿನ ಮೇಲೆ. ಐದೂಕಾಲು.
ನಿನ್ನ ತಮ್ಮ ಒದ್ದೆ ಬಟ್ಟೆ ಹಿಂಡಿದ ಹಾಗೆ ಬಿಡ್ತಿದ್ದ.
ನೀನು ಬಾಗಿಲ ಹಿಡಿ ತಿರುಗಿಸ್ತೀಯ.
ಅವನಿಗೆ ಕೊರೆದದ್ದು ನಿನ್ನ ಮಾತು ಕೇಳಲ್ಲ, ಆರ್ಲನ್.
ನಾನೇ ಕೊರೆದದ್ದು, ನನಗೆ ಗೊತ್ತು.

ಬಹಳ ಹೊತ್ತು ಸ್ಟೂಲಿನ ಮೇಲೆ ಕೂತಿದ್ದ.
ಒಂಬತ್ತನೇ ಲೇನಿನಲ್ಲಿ ಯಾರದೋ ಹುಟ್ಟುಹಬ್ಬ.
ಆಮೇಲೆ ಚೆಂಡನ್ನು ಅವಳ ಕಡೆ ತಳ್ಳಿದ,
ಊಟ ಸಾಕಾದವರು ತಟ್ಟೆ ತಳ್ಳುವ ಹಾಗೆ.

ರಾಳ ಸುರಿದು ಒಂದು ರಾತ್ರಿ ಬಿಟ್ಟಳು.
ಬಣ್ಣ ಹೊಂದಿಸಲು ನೋಡಿದಳು, ಹೊಂದಲಿಲ್ಲ:
ನೇರಳೆಯಲ್ಲಿ ಮೂರು ಕಪ್ಪು ಚಂದ್ರ.
ಬಾಯಿ ತೆರೆದ ಕೂಡಲೇ ನಾನೂ ಹೇಳಬಲ್ಲೆ
ಯಾವ ಹಲ್ಲು ತುಂಬಿ ಎಷ್ಟು ವರ್ಷವಾಯಿತು ಎಂದು.
ಹೊಸ ತೂತುಗಳು ಬೇರೆ ಕಡೆ ಬಂದವು, ಬೇರೆ ಓರೆಯಲ್ಲಿ.
ಹೆಬ್ಬೆರಳಿನದು ಮಾತ್ರ
(ಅವನು ಕೇಳಿಕೊಂಡದ್ದಕ್ಕೋ, ಲೆಕ್ಕವೇ ಹಾಗೆ ಕೂತಿತೋ, ವರ್ನಾ ಹೇಳುವುದಿಲ್ಲ)
ಅರ್ಧ ತಮ್ಮನದರೊಳಗೇ ಇದೆ.

ಇವತ್ತು ಮೊದಲ ಆಟ. ಆರ್ಲನ್ ನಾಲ್ಕು ಹೆಜ್ಜೆ ಹಾಕಿ
ಮಲಗಿದವರ ಕೋಣೆಯ ಬಾಗಿಲು ತೆರೆಯುವಷ್ಟು ಮೆಲ್ಲಗೆ ಕೈ ಬಿಟ್ಟ.
ಚೆಂಡು ಹೋಯಿತು, ಹೋಯಿತು. ಡೆಲ್ಮರನದು ಮುರಿದು ನುಗ್ಗುತ್ತಿದ್ದ ಜಾಗದಲ್ಲಿ
ನಾವಿಬ್ಬರೂ ಅಭ್ಯಾಸಬಲದಿಂದ ಎಡಕ್ಕೆ ವಾಲಿದೆವು.
ಇದು ಮುರಿಯಲಿಲ್ಲ. ಬಾಗಿತು, ನಿಧಾನ,
ಹೆದ್ದಾರಿ ಬಿಟ್ಟು ಡೈರಿಯ ಕಡೆ ಹೊರಳುವ ತುಂಬಿದ ಲಾರಿ.

ಒಂಬತ್ತು ಬಿದ್ದವು.
ಬಲಮೂಲೆಯದು ಅಲುಗಿ, ನಿಂತಿತು.
ಕಾಲಿಂಚು ಒಳಗಿಡಬೇಕಿತ್ತು, ಅಂದಳು ವರ್ನಾ, ಯಾರಿಗೂ ಅಲ್ಲ.
ನೆಲದಡಿಯಿಂದ ಚೆಂಡು ಮರಳುವ ಗುಡುಗು.
ಆರ್ಲನ್ ಅದು ಬರುವ ಬಾಯಿಯ ಬಳಿ
ಎರಡೂ ಅಂಗೈ ಚಾಚಿ ನಿಂತಿದ್ದ.