ಸ್ಟೆಪ್ನಿ

ಹ್ಲನೆಹ್ಲಿ.
ನಾಲಗೆಯ ತುದಿ ಹಲ್ಲಿಗೊತ್ತಿ ಎರಡೂ ಪಕ್ಕ ಗಾಳಿ ಬಿಡಬೇಕು,
ಪಂಕ್ಚರ್ ಆದ ಟ್ಯೂಬನ್ನು ಬಕೆಟ್ಟಿನ ನೀರಿಗೆ ಅದ್ದಿದ ಹಾಗೆ.
ಇಪ್ಪತ್ತಾರು ವರ್ಷ ಇಲ್ಲಿನ ಆಸ್ಪತ್ರೆಯಲ್ಲಿ ಮಾತ್ರೆ ಎಣಿಸಿದೆ,
ಊರ ಹೆಸರು ಇನ್ನೂ ನನ್ನ ಬಾಯಲ್ಲಿ ಸೋರುತ್ತದೆ.

ಮೈರ್ ಮತ್ತು ನಾನು ಅರ್ಧ ಅರ್ಧ ಹಾಕಿ ಕೊಂಡ ಕ್ಯಾರವಾನು:
ಎರಡು ಮಂಚ, ಒಂದು ಒಲೆ, ಯಾರದೋ ನಾಯಿಯ ವಾಸನೆ.
ಎರಡೇ ಗಾಲಿ. ಹೊಟ್ಟೆಯ ಕೆಳಗೆ, ಕಬ್ಬಿಣದ ತೊಟ್ಟಿಲಲ್ಲಿ, ಇನ್ನೊಂದು.

"ಹಲ್ಲು ನೋಡು, ಹೊಸ ಬಾಚಣಿಗೆ," ಅಂದಳು ಮೈರ್.
ಟೈರಂಗಡಿಯ ಗೆಥಿನ್ ಮಾತಾಡಲಿಲ್ಲ. ಮಂಡಿಯೂರಿ
ಪಕ್ಕೆಯ ರಬ್ಬರನ್ನು ಹೆಬ್ಬೆರಳಲ್ಲಿ ಒತ್ತಿ ಅಗಲಿಸಿದ:
ಒಡೆದ ಹಿಮ್ಮಡಿ.
ಆಮೇಲೆ ಅಂಕಿ ತೋರಿಸಿದ. ನಾಲ್ಕು ಒಂದು ಒಂದು ನಾಲ್ಕು.
ಹದಿನಾಲ್ಕನೇ ಇಸವಿ, ನಲವತ್ತೊಂದನೇ ವಾರ.
"ಇವು ಓಡಿ ಸಾಯೋದು ಕಡಿಮೆ. ನಿಂತು ಸಾಯ್ತವೆ."

ಕಾರಿನ ಟೈರು ಬೇಡ, ಅದರ ಗೋಡೆ ಮೆತ್ತಗೆ.
ಅಗ್ಗದ್ದು ಬೇಡ, ಅದರ ಬಗ್ಗೆ ಅವನು ಹೇಳಲಾರ.
ನೂರಾನಾಲ್ಕು ಅಂತ ಬರೆದದ್ದು ಒಂಬೈನೂರು ಕಿಲೋ ಹೊರುತ್ತದೆ, ಒಂದೊಂದೂ.
"ಖಾಲಿ ಗಾಡಿಯ ತೂಕ ಕೇಳಲಿಲ್ಲ. ನೀವು ತುಂಬೋ ಸಂಸಾರದ ತೂಕ ಹೇಳಿ."
ಮೈರ್ ತನ್ನ ಕಬ್ಬಿಣದ ಬಾಣಲೆಯನ್ನು ಲೆಕ್ಕಕ್ಕೆ ಸೇರಿಸಲಿಲ್ಲ. ನಾನು ಸೇರಿಸಿದೆ.

"ಎರಡು ಸಾಕು," ಅಂದಳು.
"ಮೂರು," ಅಂದೆ. "ಸ್ಟೆಪ್ನಿನೂ ಹಾಕಿ."
"ಏನು?"
"ಸ್ಟೆಪ್ನಿ."
ಗೆಥಿನ್ ನಕ್ಕ. "ಅದು ಪೇಟೆಯ ಬೀದಿ. ಅಮ್ಮ ಅಲ್ಲೇ ಷೂ ಕೊಳ್ಳೋದು."
ಹಿಂದೆ ಬೋಲ್ಟು ಆರಿಸುತ್ತಿದ್ದ ಅವನಪ್ಪ ಕನ್ನಡಕ ಏರಿಸಿದ:
ಆ ಬೀದಿಯಲ್ಲೇ ಒಂದು ಕಾಲಕ್ಕೆ ಬದಲಿ ಗಾಲಿ ಮಾಡಿ ಮಾರುತ್ತಿದ್ದರಂತೆ,
ಬೀದಿಯ ಹೆಸರೇ ಗಾಲಿಗೂ, ಹಡಗಿಗೆ ಹಾಕಿ ಕಳಿಸುತ್ತಿದ್ದರಂತೆ.
"ಇಲ್ಲಿ ಯಾರೂ ಈಗ ಹಾಗನ್ನಲ್ಲ. ನಿಮಗೆ ಹೇಗೆ ಗೊತ್ತು?"

ರಾಣೇಬೆನ್ನೂರಿನ ಪಿ.ಬಿ. ರೋಡಿನಲ್ಲಿ ಆ ಮಾತಿಗೆ ಎರಡು ಅರ್ಥ.
ಒಂದು ಲಾರಿಯ ಕೆಳಗೆ ತೂಗುತ್ತಿತ್ತು.
ಇನ್ನೊಂದು ನಮ್ಮವ್ವ.

ಫಕೀರವ್ವ ಅಂತ ಹೆಸರಿತ್ತು, ರೇಷನ್ ಕಾರ್ಡಿನಲ್ಲಿ ಮಾತ್ರ.
ಲಾರಿ ಮಾಲೀಕ ಬುಧವಾರ ಬರುತ್ತಿದ್ದ, ಒಮ್ಮೊಮ್ಮೆ ಶನಿವಾರ.
ಹೊಸ್ತಿಲಾಚೆ ಚಪ್ಪಲಿ ಬಿಡುತ್ತಿದ್ದ. ಒಳಗೆ ಹೆಸರು ಬಿಡುತ್ತಿರಲಿಲ್ಲ.
ಶಾಲೆಯ ದಾಖಲಾತಿಯ ದಿನ, ತಂದೆಯ ಕಾಲಂ ಮೇಲೆ
ಮಾಸ್ತರರ ಪೆನ್ನು ನಿಂತೇ ಇತ್ತು. ಅವ್ವ ಕಿಟಕಿ ನೋಡುತ್ತಿದ್ದಳು,
ಹೊರಗೆ ಯಾವುದೋ ಲಾರಿ ಹೋಗುತ್ತಿತ್ತು, ಹರಿಹರದ ಕಡೆಗೆ.

ಇದನ್ನೆಲ್ಲ ಹೇಳಲಿಲ್ಲ. "ನಮ್ಮ ಕಡೆ ಎಲ್ಲರೂ ಹಾಗೇ ಅಂತಾರೆ," ಅಂದೆ.

ಗೆಥಿನ್ ತೊಟ್ಟಿಲಿಂದ ಅದನ್ನು ಎಳೆದು ನೆಲಕ್ಕೆ ಬಿಟ್ಟ.
ಒಮ್ಮೆಯೂ ರಸ್ತೆ ಕಂಡಿಲ್ಲ: ಮೈಮೇಲೆ ರಬ್ಬರಿನ ಎಳೆಗಳು,
ಮಗುವಿನ ಹುಟ್ಟುಗೂದಲಿನ ಹಾಗೆ, ಹಾಗೇ ಇವೆ.
ಪಕ್ಕೆಯಲ್ಲಿ ಅದೇ ಬಿರುಕು. ನಾಲ್ಕು ಒಂದು ಒಂದು ನಾಲ್ಕು.
"ತೂಗಾಡ್ತಾ ಇದ್ದರೂ ವಯಸ್ಸು ಬಿಡಲ್ಲ," ಅಂದ.

"ಸುಮ್ಮನೆ ನೇತಾಡೋದಕ್ಕೆ ದುಡ್ಡೇ?" ಮೈರ್.
ಮೂರನೆಯದರ ಪೂರಾ ದುಡ್ಡು ನನ್ನದು ಅಂದೆ,
ದನಿ ಅಂಗಡಿಗೆ ಬೇಕಾದ್ದಕ್ಕಿಂತ ದೊಡ್ಡದಾಯಿತು.
ಅವಳು ನನ್ನ ಮುಖ ನೋಡಿದಳು. ರಾತ್ರಿ ಪಾಳಿಯಲ್ಲಿ
ಎಷ್ಟೋ ಸಲ ಹೀಗೇ ನೋಡಿ, ಕೇಳದೆ, ಬೀಗದ ಕೈ ಕೊಟ್ಟವಳು.
"ಮೂರು," ಅಂದಳು ಗೆಥಿನ್‌ಗೆ. "ಅರ್ಧ ಅರ್ಧ."

ಮೂರೂ ಒಂದೇ ತೂಕ, ಒಂದೇ ವಾರ, ಒಂದೇ ಕಪ್ಪು.
"ಕೆಳಗೆ ಯಾವುದು ಹಾಕಲಿ?" ಅಂದ, ಚಾಕ್ ಹಿಡಿದು.
"ಯಾವುದಾದರೂ. ವರ್ಷಕ್ಕೊಮ್ಮೆ ಸರದಿ ಬದಲಿಸ್ತೀವಿ."

ಐವತ್ತು ಮೈಲಿ ಓಡಿದ ಮೇಲೆ ಬೋಲ್ಟು ಇನ್ನೊಮ್ಮೆ ಬಿಗಿ ಮಾಡಿ, ಅಂದಿದ್ದ.
ನ್ಯೂಗೇಲ್ ದಂಡೆಯ ಪಕ್ಕ ಗಾಡಿ ನಿಲ್ಲಿಸಿ, ನುಣುಪು ಕಲ್ಲುಗಳ ಮೇಲೆ ಮಂಡಿಯೂರಿದೆ.
ಗಾಳಿ ಪಾನಾವನ್ನೇ ಕಸಿಯುವಷ್ಟು.
ಎಡಗಾಲಿ ಬೆಚ್ಚಗಿತ್ತು. ಬಲಗಾಲಿಯೂ.
ಬಗ್ಗಿ, ಕತ್ತಲೊಳಗೆ ತೋಳು ಚಾಚಿ ಮೂರನೆಯದನ್ನು ಮುಟ್ಟಿದೆ:
ತಣ್ಣಗೆ. ಎಳೆಗೂದಲು ಅಂಗೈಗೆ ಚುಚ್ಚಿತು.
"ಬರೋ ವರ್ಷ," ಅಂದೆ.

"ಯಾರ ಜೊತೆ ಮಾತು?" ಒಳಗಿಂದ ಮೈರ್,
ಬಾಣಲೆ ಒಲೆಗಿಟ್ಟ ಸದ್ದು.