ಗಂಡಸರ ಪುಟ

ಬಂದರಿನ ಓಣಿ. ಮೀನಿನ ಐಸು ಕರಗಿ ಹರಿಯುವಲ್ಲಿ
ಎರಡನೇ ಮಾಳಿಗೆ. ಹಿಲ್ಡಾ ಬಾಯಿಯ ಕೆಂಪು ಪೆನ್ನು
ನನ್ನ ‘ಖಂಡಿತ’ವನ್ನು ಹೊಡೆದು
‘ಇರಬಹುದು’ ಎಂದು ಬರೆಯಿತು.

ಪುಡಿ ತಿಂದು ತೋಳು ಬೆಳೆದದ್ದು ಎಷ್ಟು ಜನಕ್ಕೆ?
ಹದಿನಾಲ್ಕು.
ಲೆಕ್ಕ ಇಟ್ಟವರ ಸಂಬಳ?
ಪುಡಿಯವರದೇ.
“ಹಾಗಾದರೆ ಅದು ಮೊದಲ ಸಾಲಿಗೆ ಬರಲಿ,
ಬುಡದಲ್ಲಿ ಇರುವೆ ಅಕ್ಷರದಲ್ಲಿ ಹೂಳಬೇಡ.”

ಬಿಜೈಯ ಡೀಲರ್ ಕಳಿಸಿದ ಡಬ್ಬಿ,
ಎರಡು ಕಿಲೋ, ಚಾಕೊಲೇಟ್ ರುಚಿ,
ಮೂರು ದಿನ ಮೇಜಿನ ಮೇಲೆ ಮದುಮಗನಂತೆ ಕೂತು
ನಾಲ್ಕನೇ ದಿನ ರಶೀದಿ ಸಮೇತ ವಾಪಸು.
ಅವನ ಜಾಹೀರಾತೂ ಹೋಯಿತು.
ಆ ಬೇಸಿಗೆಯಿಡೀ ಫ್ಯಾನು ರಿಪೇರಿಯಾಗದೆ
ಹಳೆಯ ಪುರವಣಿಗಳಿಂದಲೇ ಗಾಳಿ ಬೀಸಿಕೊಂಡೆವು.

ದನಿ ಆಗಷ್ಟೇ ಒಡೆದ ಹುಡುಗನೊಬ್ಬನ ಫೋನು,
ಹಿಂದೆ ಕಬ್ಬಿಣ ನೆಲಕ್ಕೆ ಬೀಳುವ ಸದ್ದು:
“ತೆಗೊಳ್ಳುದಾ, ಬೇಡ್ವಾ, ಒಂದೇ ಮಾತು ಹೇಳಿ ಸರ್.”
‘ಗೊತ್ತಿಲ್ಲ’ ಅಂದೆ, ಎಂಟು ವರ್ಷ ಬರೆದವನು.
ಡಾಕ್ಟರನ್ನು ಕೇಳು ಅನ್ನುವುದರೊಳಗೆ ಇಟ್ಟುಬಿಟ್ಟ.

ಆ ಸಿಟ್ಟಿಗೆ ಬರೆದೆ:
ಡಬ್ಬಿ ಬಿಡಿ, ಗಂಡಸಿಗೆ ನಮ್ಮ ಬೂತಾಯಿ ಸಾಕು.
ಕೆಂಪು ಸುತ್ತು ಬಿತ್ತು. “ಎಂಥ ಆಧಾರ ಮಾರಾಯ ಇದಕ್ಕೆ?”
ಅಜ್ಜ. ಎಂಬತ್ತರವರೆಗೆ ಧಕ್ಕೆಯಲ್ಲಿ ಮೂಟೆ ಹೊತ್ತವರು.
“ಅಜ್ಜ ಒಬ್ಬರು. ಅಲ್ಲಿ ಹದಿನಾಲ್ಕಾದರೂ ಇದ್ದರು.
ಊರಿನದೆಂದು ರಿಯಾಯಿತಿ ಇಲ್ಲ.”

ಮಧ್ಯಾಹ್ನ ಅವರ ಬುತ್ತಿಯಿಂದ ನನ್ನ ತಟ್ಟೆಗೆ
ಎರಡು ಬೂತಾಯಿ, ಪುಳಿಮುಂಚಿ.
ಇಲ್ಲಿ ನಮೂದಿಸಿದ್ದೇನೆ.
ಮುಳ್ಳಿನ ಹೊರತು ಏನನ್ನೂ ವಾಪಸು ಮಾಡಿಲ್ಲ.